ಮೂರು ದಿನದ ಮಾರಾಟ, ಎರಡೂವರೆ ಗಂಟೆಯ ಕೋಲ್ಕತ್ತ

ನಮ್ಮ ಕಡೆ ವಿಮಾನವೆಂಬುದು ಬಹಳ ಕಾಲ ತಲೆಯೆತ್ತಿ ನೋಡುವ ವಸ್ತುವಾಗಿತ್ತು. ಸದ್ದು ಕೇಳಿದೊಡನೆ ಮಕ್ಕಳು ಅಂಗಳಕ್ಕೆ ಓಡಿ ಬರುತ್ತಿದ್ದರು. ಹೊಲದಲ್ಲಿ ಕಳೆ ಕೀಳುತ್ತಿದ್ದವರು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು. ಅದರೊಳಗೆ ಕೂತವರು ಮಂತ್ರಿಗಳೋ, ಸಿನಿಮಾದವರೋ, ಅಮೆರಿಕದಲ್ಲಿ ಮಗನಿರುವ ಯಾರೋ ಆಗಿರಬೇಕೆಂಬುದು ಎಲ್ಲರೂ ಒಪ್ಪಿದ ಮಾತು. ಟಿಕೆಟ್ಟಿಗೆ ಎಷ್ಟು ಎಂದು ಕೇಳುವ ಗೋಜಿಗೇ ಯಾರೂ ಹೋಗುತ್ತಿರಲಿಲ್ಲ.

ಆ ಪ್ರಶ್ನೆಯನ್ನು ನಮ್ಮವರ ಬಾಯಲ್ಲಿ ಕೇಳಿಸಿದವರು ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಸೇನೆಯಿಂದ ಹಿಂತಿರುಗಿ ಜಾವಗಲ್ ಬಳಿ ಬೇಸಾಯ ಮಾಡಿದ ಅವರು 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಊಟವಿಲ್ಲ, ಉಪಚಾರವಿಲ್ಲ, ನೀರು ಬೇಕಾದರೆ ದುಡ್ಡು ಕೊಡಿ. ಬದಲಿಗೆ ಟಿಕೆಟ್ ಅಗ್ಗ ಎಂಬುದು ಅವರ ಲೆಕ್ಕ. ಕೆಲವು ಸೀಟುಗಳನ್ನು ತೆರಿಗೆ ಬಿಟ್ಟು ಒಂದು ರೂಪಾಯಿಗೆ ಮಾರಿದ್ದೂ ಉಂಟು. ಆ ಕಂಪನಿ 2008ರಲ್ಲಿ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು, 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರೂ ನೆಲ ಕಚ್ಚಿತು. ಆದರೆ ರೈಲಿನವರೂ ವಿಮಾನದ ದರ ವಿಚಾರಿಸಬಹುದು ಎಂಬ ಧೈರ್ಯ ಮಾತ್ರ ಉಳಿಯಿತು.

ಆ ಧೈರ್ಯ ಪರೀಕ್ಷೆಗೆ ಬಂದದ್ದು 2024ರ ಜುಲೈಯಲ್ಲಿ, ತಿಪಟೂರು ಕಡೆಯ ಒಂದು ತೆಂಗಿನ ತೋಟದ ಮನೆಯಲ್ಲಿ. ಆ ಮನೆಯ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ, ಅಂದರೆ ಐಸರ್‌ನ ಪ್ರವೇಶ ಪರೀಕ್ಷೆ ಬರೆದಿದ್ದಳು. ದೇಶದಲ್ಲಿ ಇಂಥ ಸಂಸ್ಥೆಗಳು ಏಳು: ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ ಮತ್ತು ಬರ್ಹಾಂಪುರ. ಕರ್ನಾಟಕದಲ್ಲಿ ಒಂದೂ ಇಲ್ಲ. ಅವಳಿಗೆ ಸೀಟು ಸಿಕ್ಕಿದ್ದು ಕೋಲ್ಕತ್ತದಲ್ಲಿ. ಐದು ವರ್ಷದ ವಿಜ್ಞಾನ ಪದವಿ, ಹಾಸ್ಟೆಲ್, ಒಳ್ಳೆಯ ಪ್ರಯೋಗಾಲಯ. ಕೆಲವೇ ದಿನಗಳೊಳಗೆ ಹಣ ಕಟ್ಟಿ ಸೀಟು ಖಚಿತಪಡಿಸಬೇಕು.

ಸಂತೋಷಪಡಬೇಕಾದ ಮನೆಯಲ್ಲಿ ಮೂರು ದಿನ ಮೌನ. ತಂದೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನೆಂಟರು, "ತುಮಕೂರಲ್ಲೇ ಬಿಎಸ್ಸಿ ಇಲ್ವಾ?" ಎಂದರು. ತಾಯಿ ಮಾತ್ರ ನೇರವಾಗಿ ಕೇಳಿದರು: "ಮೇಷ್ಟ್ರೇ, ನಾಳೆ ನಮ್ಮತ್ತೇಗೆ ಏನಾದ್ರೂ ಆಯ್ತು ಅನ್ನಿ, ಇಲ್ಲಾ ಮಗೂಗೇ ಜ್ವರ ಬಂತು ಅನ್ನಿ. ಹೋಗಿ ಬರಕ್ಕೆ ಎಷ್ಟು ದಿನ ಬೇಕು?"

ರೈಲಿನಲ್ಲಿ ಬೆಂಗಳೂರಿನಿಂದ ಹೌರಾಕ್ಕೆ ಮೂವತ್ತು ಗಂಟೆಯ ಮೇಲೆ. ತಿಪಟೂರಿನಿಂದ ಬೆಂಗಳೂರಿಗೆ ಬರುವುದನ್ನೂ ಕಾಯುವುದನ್ನೂ ಸೇರಿಸಿದರೆ ಎರಡು ದಿನ. ವಿಮಾನದಲ್ಲಿ ಎರಡೂವರೆ ಗಂಟೆ. ಹಾಗೆಂದು ಹೇಳಿದೆ. "ವಿಮಾನ ಎಲ್ಲಾ ನಮ್ಮಂಥೋರಿಗಲ್ಲ ಬಿಡಿ" ಎಂದರು ಯಜಮಾನರು. ಆ ವಾರ ಅವರು ವಿಚಾರಿಸಿದಾಗ ಒಬ್ಬರಿಗೆ 6,800 ರೂ. ಎಂದು ತೋರಿಸಿತ್ತು. ಮಗಳನ್ನು ಬಿಡಲು ಮೂವರು ಹೋಗಿ ಇಬ್ಬರು ಹಿಂತಿರುಗಬೇಕು. ಬೇರೆ ಭಾಷೆಯ ಊರು, ಹೊಸ ದಾರಿ ಎಂದು ಅವರು ನನ್ನನ್ನೂ ಜೊತೆಗೆ ಕರೆದಿದ್ದರು. ಐದು ಟಿಕೆಟ್ಟಿಗೆ 34,000 ರೂ. ಎಂದರೆ ಕೊಬ್ಬರಿ ಮಾರಿದ ಮನೆಯಲ್ಲೂ ಸಣ್ಣ ಮೊತ್ತವಲ್ಲ.

ಅದೇ ಶುಕ್ರವಾರ ಒಂದು ವಿಮಾನ ಕಂಪನಿಯ ಜಾಹೀರಾತು ಬಂತು. 'ಮಳೆಗಾಲದ ಮಾರಾಟ, ಮೂರೇ ದಿನ, ದರ 1,499 ರೂ.ಗಳಿಂದ ಆರಂಭ'. ಭಾನುವಾರ ಮಧ್ಯರಾತ್ರಿಗೆ ಮುಕ್ತಾಯ.

ಸೀಟು ಮಲ್ಲಿಗೆಯಂತೆ

ಮಾರಾಟವೆಂದರೆ ಕಂಪನಿ ಧರ್ಮಕ್ಕೆ ಕೊಡುತ್ತದೆಂದಲ್ಲ. ಅದರ ಹಿಂದಿನ ಲೆಕ್ಕ ತಿಳಿದರೆ ಮಕ್ಕಳಿಗೆ ಗಣಿತವೂ ಆಯಿತು, ಹಿರಿಯರಿಗೆ ಉಳಿತಾಯವೂ ಆಯಿತು.

ವಿಮಾನದ ಸೀಟು ಮಲ್ಲಿಗೆ ಹೂವಿನ ಜಾತಿಗೆ ಸೇರಿದ್ದು. ಸಂಜೆಯೊಳಗೆ ಮಾರದಿದ್ದರೆ ಮಾರನೆಯ ದಿನಕ್ಕೆ ಅದು ಕಸ. 180 ಸೀಟಿನ ವಿಮಾನ 140 ಜನರನ್ನು ಹೊತ್ತು ಮೇಲೇರಿತೆಂದರೆ, ಬಾಗಿಲು ಮುಚ್ಚಿದ ಕ್ಷಣವೇ ಉಳಿದ 40 ಸೀಟುಗಳ ಬೆಲೆ ಸೊನ್ನೆ. ಪೈಲಟ್ಟಿನ ಸಂಬಳ, ವಿಮಾನದ ಬಾಡಿಗೆ, ನಿಲ್ದಾಣದ ಶುಲ್ಕ ಯಾವುದೂ ಅದರಿಂದ ಹೆಚ್ಚು ಕಡಿಮೆಯಾಗುವುದಿಲ್ಲ. ಇಂಧನ ತುಸು ಉಳಿಯಬಹುದು, ಅಷ್ಟೆ. ಆದ್ದರಿಂದ ಖಾಲಿ ಹೋಗುವ ಸೀಟಿಗೆ ಯಾರು ಎಷ್ಟು ಕೊಟ್ಟರೂ ಕಂಪನಿಗೆ ಲಾಭವೇ. ಆದರೆ ಎಲ್ಲ ಸೀಟನ್ನೂ ಅಗ್ಗಕ್ಕೆ ಕೊಟ್ಟರೆ ಹೆಚ್ಚು ಕೊಡಬಲ್ಲವನೂ ಕಡಿಮೆ ಕೊಟ್ಟು ಹೋಗುತ್ತಾನೆ.

ಈ ಇಕ್ಕಟ್ಟಿಗೆ ಉಪಾಯ ದೊಡ್ಡದಾಗಿ ಬಳಕೆಗೆ ಬಂದದ್ದು ಅಮೆರಿಕದಲ್ಲಿ. ಅಲ್ಲಿ 1978ರಲ್ಲಿ ದರಗಳ ಮೇಲಿನ ಸರ್ಕಾರಿ ಹಿಡಿತ ಸಡಿಲಾಯಿತು. ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ಕಂಪನಿ ಎದುರು ನಿಲ್ಲಲು 1985ರ ಜನವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಂದು ದಾರಿ ಹುಡುಕಿತು. ಪ್ರತಿ ವಿಮಾನದಲ್ಲೂ ಕೆಲವೇ ಸೀಟುಗಳನ್ನು, ಬಹಳ ಮುಂಚೆಯೇ ಕೊಳ್ಳುವವರಿಗೆ ಮಾತ್ರ, ಅತಿ ಅಗ್ಗಕ್ಕೆ ಮಾರಿತು. ಉಳಿದವು ಹಳೆಯ ದರಕ್ಕೇ. ಎರಡು ವರ್ಷದೊಳಗೆ ಪೀಪಲ್ ಎಕ್ಸ್‌ಪ್ರೆಸ್ ಕಣ್ಮರೆಯಾಯಿತು. ನಮ್ಮಲ್ಲಿ 1953ರ ಏರ್ ಕಾರ್ಪೊರೇಷನ್ಸ್ ಕಾಯಿದೆ 1994ರಲ್ಲಿ ರದ್ದಾಗಿ ಖಾಸಗಿಯವರಿಗೆ ಬಾಗಿಲು ತೆರೆದ ಮೇಲೆ ಈ ವಿದ್ಯೆ ಇಲ್ಲಿಗೂ ಬಂತು.

ಈಗ ಪ್ರತಿ ವಿಮಾನದ ಸೀಟುಗಳನ್ನೂ ಕಂಪ್ಯೂಟರಿನಲ್ಲಿ ಹಲವು ಗುಂಪುಗಳಾಗಿ ಹಂಚಿಟ್ಟಿರುತ್ತಾರೆ. ಗುಂಪಿಗೊಂದು ಅಕ್ಷರ, ಅಕ್ಷರಕ್ಕೊಂದು ದರ. ಕೆಳಗಿನ ಗುಂಪು ಮುಗಿದರೆ ಮೇಲಿನದು ತೆರೆಯುತ್ತದೆ. ತೊಟ್ಟಿಯಲ್ಲಿ ಒಂದರ ಮೇಲೊಂದು ನಲ್ಲಿಗಳಿದ್ದಂತೆ. ಮಾರಾಟದ ದಿನ ಅವರು ಮಾಡುವುದಿಷ್ಟೇ: ಜನ ಕಡಿಮೆಯಿರುವ ತಿಂಗಳುಗಳಿಗೆ ಅತ್ಯಂತ ಕೆಳಗಿನ ನಲ್ಲಿಯೊಂದನ್ನು ಕೊಂಚ ಹೊತ್ತು ತೆರೆಯುತ್ತಾರೆ. ಶಾಲೆ ಕಾಲೇಜು ನಡೆಯುವ, ಮದುವೆ ಮುಂಜಿ ಇಲ್ಲದ ಮಳೆಗಾಲ ಅಂಥ ಕಾಲ. ಜುಲೈಯಿಂದ ಸೆಪ್ಟೆಂಬರ್, ಮತ್ತೆ ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆ ಮುಗಿಯುವವರೆಗೆ. ದೂರದ ಕಾಲೇಜು ಸೇರುವ ಮಕ್ಕಳ ಪುಣ್ಯವೆಂದರೆ ಪ್ರವೇಶದ ತಿಂಗಳು ಸರಿಯಾಗಿ ಇದೇ ಹೊತ್ತಿಗೆ ಬೀಳುತ್ತದೆ.

ಈ ಆಟಕ್ಕೂ ಮಿತಿಯಿದೆ. 2014ರ ಏಪ್ರಿಲ್ 1ರಂದು ಸ್ಪೈಸ್‌ಜೆಟ್ ಒಂದು ರೂಪಾಯಿ ಮೂಲದರದ ಟಿಕೆಟ್ ಘೋಷಿಸಿದಾಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅದನ್ನು ನಿಲ್ಲಿಸುವಂತೆ ಹೇಳಿತು. ದರ ತೀರಾ ಇಳಿದರೆ ಸ್ಪರ್ಧಿಗಳು ಸಾಯುತ್ತಾರೆ, ಸ್ಪರ್ಧಿಗಳು ಸತ್ತರೆ ದರ ಏರುತ್ತದೆ. ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದ್ದನ್ನು ನೋಡಿದ್ದೇವೆ. ಇದ್ದವರು ಕಡಿಮೆಯಾದಷ್ಟೂ ಟಿಕೆಟ್ ಹುಡುಕುವವರ ಕೆಲಸ ಹೆಚ್ಚುತ್ತದೆ.

ಒಬ್ಬೊಬ್ಬರಾಗಿ ಕೇಳಿ

ಶನಿವಾರ ಸಂಜೆ ಹುಡುಗಿ, ತಂದೆ, ನಾನು ಮೂವರೂ ಅವರ ಮನೆಯ ಜಗಲಿಯಲ್ಲಿ ಕುಳಿತೆವು. ತಾಯಿ ಬಾಗಿಲ ಬಳಿ ನಿಂತಿದ್ದರು. 1,499 ರೂ. ಎಂಬುದು ಹತ್ತಿರದ ಊರುಗಳಿಗಷ್ಟೇ. ಕೋಲ್ಕತ್ತಕ್ಕೆ ಮೂವರಿಗೆಂದು ಕೇಳಿದಾಗ ತಲಾ 4,350 ರೂ. ತೋರಿಸಿತು. ಒಟ್ಟು 13,050 ರೂ. ಒಬ್ಬರಿಗೆಂದು ಕೇಳಿದಾಗ 3,720 ರೂ.! ಯಜಮಾನರಿಗೆ ಇದು ಮೋಸವೆಂದೇ ಕಂಡಿತು. ಹುಡುಗಿ ಸ್ವಲ್ಪ ಯೋಚಿಸಿ, "ಕೆಳಗಿನ ಗುಂಪಲ್ಲಿ ಮೂರು ಸೀಟು ಉಳಿದಿಲ್ಲ ಸರ್. ಮೂವರಿಗೂ ಒಂದೇ ದರ ಹಾಕಬೇಕಾದ್ದರಿಂದ ಮೇಲಿನ ಗುಂಪಿಗೆ ಹೋಗಿದೆ" ಎಂದಳು. ಇಬ್ಬರಿಗೆಂದು ಕೇಳಿದರೆ ಮತ್ತೆ 3,720. ಅಲ್ಲಿಗೆ ಅವಳ ಊಹೆ ಸರಿ. ಎರಡು ಟಿಕೆಟ್ ಕೆಳಗಿನ ದರಕ್ಕೆ, ಒಂದು ಮೇಲಿನ ದರಕ್ಕೆ ಕೊಂಡರೆ 11,790 ರೂ. ಒಂದು ನಿಮಿಷದ ಯೋಚನೆಗೆ 1,260 ರೂ. ಉಳಿಯಿತು. ಇಬ್ಬರು ಹಿಂತಿರುಗಲು ತಲಾ 3,480ರಂತೆ 6,960 ರೂ. ಎಲ್ಲ ಸೇರಿ 18,750 ರೂ.

ದಿನವನ್ನು ಹಿಂದೆ ಮುಂದೆ ಮಾಡಿದ್ದೂ ಫಲ ಕೊಟ್ಟಿತು. ಶುಕ್ರವಾರ, ಭಾನುವಾರ ಜನ ಊರಿಗೆ ಹೋಗುವ, ಕೆಲಸಕ್ಕೆ ಮರಳುವ ದಿನಗಳು. ಮಂಗಳವಾರ, ಬುಧವಾರ ಸಾಮಾನ್ಯವಾಗಿ ವಿಮಾನಕ್ಕೆ ಬಿಡುವು. ನಸುಕಿನ ಮತ್ತು ತಡರಾತ್ರಿಯ ವಿಮಾನಗಳೂ ಅಗ್ಗ. ಆದರೆ ನಸುಕಿನ ವಿಮಾನಕ್ಕಾಗಿ ಹಿಂದಿನ ರಾತ್ರಿ ಬೆಂಗಳೂರಿನ ವಸತಿಗೃಹಕ್ಕೆ ಸಾವಿರ ರೂಪಾಯಿ ತೆತ್ತರೆ ಅಗ್ಗವೆಲ್ಲಿ ಬಂತು? ಊರಿನ ಬಾಗಿಲಿಂದ ಹಾಸ್ಟೆಲ್ಲಿನ ಬಾಗಿಲವರೆಗಿನ ಖರ್ಚನ್ನು ಕೂಡಿಸಿದರೇ ಅದು ನಿಜವಾದ ದರ. ನಾವು ಬುಧವಾರ ಮಧ್ಯಾಹ್ನದ ವಿಮಾನ ಹಿಡಿದೆವು. ಬೆಳಗಿನ ರೈಲಿನಲ್ಲಿ ತಿಪಟೂರು ಬಿಟ್ಟರೆ ಸಾಕು.

ಕೊನೆಯ ಪುಟದಲ್ಲಿ ಎಚ್ಚರ ಬೇಕು. ವಿಮೆ, ಊಟ, ಕಿಟಕಿ ಸೀಟು ಒಂದೊಂದಾಗಿ ಸೇರಿಕೊಳ್ಳುತ್ತವೆ. ಕೇಳದೆ ಬುಟ್ಟಿಗೆ ಸೇರಿಸುವ ಇಂಥ ಚಾಲಾಕಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ಆದರೂ ಒಂದೊಂದು ಸಾಲನ್ನೂ ಓದಿ ಬೇಡದ್ದನ್ನು ತೆಗೆಯುವುದು ನಮ್ಮ ಕೆಲಸ. ಸೀಟಿಗೆ ಹಣ ಕೊಡದಿದ್ದರೂ ಸೀಟು ಸಿಕ್ಕೇ ಸಿಗುತ್ತದೆ. ನಿಂತು ಹೋಗುವ ವಿಮಾನ ಇನ್ನೂ ಬಂದಿಲ್ಲ! ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಂದೆ ಅಥವಾ ತಾಯಿಯ ಪಕ್ಕದಲ್ಲೇ ಸೀಟು ಕೊಡಬೇಕೆಂದು 2024ರ ಏಪ್ರಿಲ್‌ನಲ್ಲಿ ಮಹಾನಿರ್ದೇಶನಾಲಯ ಸೂಚಿಸಿದೆ.

ಹೆಸರಿನ ವಿಷಯ ನಮ್ಮ ಕನ್ನಡಿಗರಿಗೆ ವಿಶೇಷ ತೊಡಕು. ಅರ್ಜಿ 'ಕೊನೆಯ ಹೆಸರು' ಕೇಳುತ್ತದೆ. ನಮಗಿರುವುದು ಮುಂದಿನ ಇನಿಷಿಯಲ್. ಆಧಾರ್ ಕಾರ್ಡಿನಲ್ಲಿ ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ. ನಿಲ್ದಾಣದ ಬಾಗಿಲಲ್ಲಿ ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರಲ್ಲಿರುವಂತೆಯೇ ಬರೆಯಬೇಕು. ಒಬ್ಬರ ಟಿಕೆಟ್‌ನಲ್ಲಿ ಇನ್ನೊಬ್ಬರು ಹೋಗುವಂತಿಲ್ಲ. ಹಣ ಕಟ್ಟುವ ಮುನ್ನ ತಂದೆಯ ಆಧಾರ್ ತರಿಸಿ ಅಕ್ಷರ ಅಕ್ಷರ ಓದಿಸಿದೆವು.

ಮಾರಾಟದ ಟಿಕೆಟ್ ರದ್ದು ಮಾಡಿದರೆ ಏನೂ ಬರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಮೂಲದರ ಬರದೇ ಹೋಗಬಹುದು. ಆದರೆ ನಿಲ್ದಾಣದ ಬಳಕೆ ಶುಲ್ಕ, ಭದ್ರತಾ ಶುಲ್ಕ ಮುಂತಾದವನ್ನು ಪ್ರಯಾಣ ಮಾಡದವರಿಗೆ ಹಿಂದಿರುಗಿಸಬೇಕೆಂಬ ನಿಯಮ ಮಾರಾಟದ ಟಿಕೆಟ್‌ಗಳಿಗೂ ಅನ್ವಯಿಸುತ್ತದೆ. ಅಗ್ಗದ ಟಿಕೆಟ್‌ನಲ್ಲಿ ಈ ಭಾಗವೇ ಗಣನೀಯ, ಆದ್ದರಿಂದ ಕೇಳಿ ಪಡೆಯಬೇಕು. ಇನ್ನು 'ಅರ್ಧ ಬೆಲೆ' ಎಂದು ಮೊಬೈಲಿಗೆ ಬರುವ ಕೊಂಡಿಗಳನ್ನು ಒತ್ತಲೇಬಾರದು. ಜಾಹೀರಾತು ಎಲ್ಲೇ ನೋಡಿರಿ, ಕಂಪನಿಯ ವಿಳಾಸವನ್ನು ನಾವೇ ಬರೆದು ಒಳಹೋಗಬೇಕು. ಸಹಾಯವಾಣಿ ಎಂದು ಸಿಕ್ಕ ಯಾವುದೋ ನಂಬರಿಗೆ ಬ್ಯಾಂಕಿನ ಗುಟ್ಟು ಹೇಳಿ ಹಣ ಕಳೆದುಕೊಂಡವರು ಊರೂರಲ್ಲಿದ್ದಾರೆ.

ಲೆಕ್ಕ ಮುಗಿದಾಗ ತಾಯಿ ಬಾಗಿಲಿಂದ ಮುಂದೆ ಬಂದರು. "ಮೂವತ್ನಾಕು ಸಾವಿರ ಅಂದಿದ್ರಿ. ಈಗ ಹತ್ತೊಂಬತ್ತರೊಳಗೆ ಮುಗೀತು. ಉಳಿದ ಹದಿನೈದು ಸಾವಿರ ನನ್ನ ಕೈಗೆ ಕೊಡಿ" ಎಂದರು ಗಂಡನಿಗೆ. "ಅದು ಪೋಸ್ಟಾಫೀಸಲ್ಲಿರ್ಲಿ. ಯಾರೂ ಮುಟ್ಟೋ ಹಾಗಿಲ್ಲ. ಮಗು ಓಡಿ ಬರಬೇಕಾದ ದಿನಕ್ಕೆ ಅದು." ಹುಡುಗಿ ಕೋಲ್ಕತ್ತಕ್ಕೆ ಹೋಗುವುದು ನಿಶ್ಚಯವಾದದ್ದು ಆ ಮಾತಿನಲ್ಲಿ. ಸೀಟಿನ ಹಣವನ್ನು ಅದೇ ರಾತ್ರಿ ಕಟ್ಟಿದರು, ಆಮೇಲೆ ಟಿಕೆಟ್ ಕೊಂಡೆವು.

ಕೊಬ್ಬರಿಗೆ ಪ್ರವೇಶವಿಲ್ಲ

ಗಂಟು ಕಟ್ಟುವಾಗ ಇನ್ನೊಂದು ಪಾಠ. ಸಾಮಾನ್ಯ ಟಿಕೆಟ್ಟಿಗೆ ಕೈಯಲ್ಲಿ 7 ಕಿಲೋ, ಒಳಗೆ ಹಾಕಲು 15 ಕಿಲೋ. ತೀರಾ ಅಗ್ಗದ ಕೆಲವು ಟಿಕೆಟ್‌ಗಳಲ್ಲಿ ಆ 15 ಕಿಲೋ ಇರುವುದೇ ಇಲ್ಲ, ಕೊಳ್ಳುವ ಮೊದಲು ನೋಡಬೇಕು. ಕಾಲೇಜಿನ ಗುರುತಿನ ಚೀಟಿ ಇರುವ ಮಕ್ಕಳಿಗೆ ಹಲವು ಕಂಪನಿಗಳು ದರದಲ್ಲಿ ರಿಯಾಯಿತಿ, ಹೆಚ್ಚುವರಿ 10 ಕಿಲೋ ಸಾಮಾನು ಕೊಡುತ್ತವೆ. ನಮ್ಮ ಹುಡುಗಿಗೆ ಇನ್ನೂ ಚೀಟಿ ಬಂದಿರಲಿಲ್ಲ. ಹಾಸಿಗೆ, ಬಕೆಟ್ಟು ಅಲ್ಲೇ ಕೊಂಡರಾಯಿತೆಂದು ಬಿಟ್ಟೆವು.

ತಾಯಿ ಹಾಸ್ಟೆಲ್ಲಿಗೆಂದು ಹತ್ತು ಉಂಡೆಕೊಬ್ಬರಿ ತೆಗೆದಿಟ್ಟಿದ್ದರು. ತಿಪಟೂರಿನವರು ಬರಿಗೈಲಿ ಹೋಗುವುದುಂಟೆ? ಆದರೆ ಒಣಕೊಬ್ಬರಿಯನ್ನು ವಿಮಾನದ ಹೊಟ್ಟೆಗೆ ಹಾಕುವ ಸಾಮಾನಿನಲ್ಲಿ ಒಯ್ಯುವಂತಿಲ್ಲ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು; ಗಾಳಿಯಾಡದೆ ಒತ್ತಾಗಿ ಕೂತರೆ ನಿಧಾನವಾಗಿ ಆಕ್ಸಿಜನ್ ಜೊತೆ ಸೇರಿ ತನ್ನಷ್ಟಕ್ಕೆ ಬಿಸಿಯಾಗುತ್ತದೆ. ಸಾಗಣೆಯ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗಕ್ಕೆ ಸೇರಿದೆ. ಕೊಬ್ಬರಿ ಗೋದಾಮಿನ ಕಾವು ಕಂಡಿದ್ದ ಯಜಮಾನರು ತಕ್ಷಣ ಒಪ್ಪಿದರು. ಬದಲಿಗೆ ಹಸಿಕಾಯಿಯ ಕೊಬ್ಬರಿ ಮಿಠಾಯಿ ಹೊರಟಿತು. ಉಪ್ಪಿನಕಾಯಿ ಡಬ್ಬ ಒಳಗಿನ ಪೆಟ್ಟಿಗೆಗೆ, ಮೊಬೈಲ್ ಚಾರ್ಜು ಮಾಡುವ ಪವರ್ ಬ್ಯಾಂಕ್ ಕೈಚೀಲಕ್ಕೆ. ಇವೆರಡು ಅದಲು ಬದಲಾದರೆ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ.

ಆಗಸ್ಟ್ ತಿಂಗಳ ಆ ಬುಧವಾರ ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸಿನಲ್ಲಿ ದೇವನಹಳ್ಳಿಗೆ ಹೋದೆವು. ವಿಮಾನ ಏರಿದ ಹತ್ತು ನಿಮಿಷಕ್ಕೆಲ್ಲ ಮೋಡದ ಮೇಲೆ. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ. ಒಳಗಿನ ಗಾಳಿಯ ಒತ್ತಡ ಸಮುದ್ರಮಟ್ಟದಿಂದ ಹೆಚ್ಚೆಂದರೆ 2,400 ಮೀಟರ್ ಎತ್ತರದಲ್ಲಿರುವಷ್ಟು, ಅಂದರೆ ಊಟಿಗಿಂತ ತುಸು ಮೇಲೆ. ಹುಡುಗಿ ನೀರು ಕುಡಿದು ಖಾಲಿಯಾದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಇಟ್ಟುಕೊಂಡಳು. ಇಳಿಯುವಾಗ ಅದು ಚಟಪಟನೆ ಕುಗ್ಗುತ್ತ ಬಂದು ನೆಲ ಮುಟ್ಟುವಾಗ ನಡು ಸೊರಗಿ ಕೂತಿತ್ತು. ಬಾಯ್ಲನ ನಿಯಮಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಬೇಕೆ? ಯಜಮಾನರು ಕಿಟಕಿಗೆ ಮುಖ ಒತ್ತಿ ಬಂಗಾಳದ ಗದ್ದೆಗಳನ್ನೂ, ಮನೆಗೊಂದರಂತೆ ಹೊಳೆಯುವ ಕೊಳಗಳನ್ನೂ ನೋಡುತ್ತಿದ್ದರು. "ಇಷ್ಟು ನೀರಿರೋ ಊರಲ್ಲಿ ಮಗೂಗೆ ತೊಂದ್ರೆ ಆಗಲ್ಲ" ಎಂದರು. ಬಯಲುಸೀಮೆಯವರ ಅಳತೆಗೋಲು ಅದು.

ಐಸರ್ ಇರುವುದು ಕೋಲ್ಕತ್ತ ನಗರದಲ್ಲಲ್ಲ, ಉತ್ತರಕ್ಕೆ ಸುಮಾರು ಐವತ್ತು ಕಿ.ಮೀ. ದೂರದ ಮೋಹನಪುರದಲ್ಲಿ, ನಾದಿಯಾ ಜಿಲ್ಲೆಯ ಕಲ್ಯಾಣಿಯ ಹತ್ತಿರ. ಸಾಮಾನಿದ್ದದ್ದರಿಂದ ಹೋಗುವಾಗ ಕಾರು ಮಾಡಿದೆವು. ಹಿಂತಿರುಗುವಾಗ ನಾವಿಬ್ಬರೂ ಲೋಕಲ್ ರೈಲಿನಲ್ಲಿ ಬಂದೆವು. ಟಿಕೆಟ್ ಇಪ್ಪತ್ತು ರೂಪಾಯಿಯೊಳಗೆ. ದೂರದ ಊರಿಗೆ ಮಕ್ಕಳನ್ನು ಕಳಿಸುವವರು ಈ ಕೊನೆಯ ಐವತ್ತು ಕಿ.ಮೀ. ವಿಚಾರಿಸಿಯೇ ವಿಮಾನದ ಹೊತ್ತು ಗೊತ್ತುಮಾಡಬೇಕು. ರಾತ್ರಿ ಹನ್ನೊಂದಕ್ಕೆ ಇಳಿದ ಅಗ್ಗದ ಟಿಕೆಟ್ಟು ಕಾರಿನ ಬಾಡಿಗೆಯಲ್ಲಿ ತೀರಿಹೋಗುತ್ತದೆ. ಒಂಟಿ ಹುಡುಗಿಗಂತೂ ಅದು ಬೇಡವೇ ಬೇಡ.

ಹಾಸ್ಟೆಲ್ ಸೇರಿಸಿದ ಮೇಲೆ ಒಂದು ದಿನ ನಮ್ಮ ಕೈಯಲ್ಲಿತ್ತು. ನಾನು ಬೌಬಜಾರ್ ಬೀದಿಯ 210ನೇ ನಂಬರು ನೋಡಬೇಕೆಂದೆ. ಈಗ ಆ ಬೀದಿಗೆ ಬಿಪಿನ್ ಬಿಹಾರಿ ಗಂಗೂಲಿಯವರ ಹೆಸರು, ಆ ವಿಳಾಸದಲ್ಲಿ ಒಂದು ವಾಣಿಜ್ಯ ಕಾಲೇಜು. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಘ ಅಲ್ಲಿತ್ತು. ಸರ್ಕಾರಿ ಲೆಕ್ಕಪತ್ರ ಕಚೇರಿಯಲ್ಲಿ ನೌಕರಿಗೆ ಬಂದ ತರುಣ ಸಿ.ವಿ. ರಾಮನ್ 1907ರಿಂದ ಬಿಡುವಿನ ವೇಳೆಯಲ್ಲಿ ಅಲ್ಲಿ ಪ್ರಯೋಗ ಮಾಡಿದರು. ಬೆಳಕು ಚದುರುವ ಬಗೆಯನ್ನು ಅವರು ಕಂಡುಕೊಂಡದ್ದೂ ಅಲ್ಲೇ, 1928ರ ಫೆಬ್ರುವರಿ 28ರಂದು. ಆ ದಿನವೇ ಈಗ ನಾವು ಶಾಲೆಗಳಲ್ಲಿ ಆಚರಿಸುವ ವಿಜ್ಞಾನ ದಿನ. 1933ರಲ್ಲಿ ರಾಮನ್ ಕೋಲ್ಕತ್ತ ಬಿಟ್ಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ವಿಜ್ಞಾನಕ್ಕಾಗಿ ಅಲ್ಲಿಂದ ಇಲ್ಲಿಗೆ ಒಬ್ಬರು ಬಂದಿದ್ದಾರೆ. ಇಲ್ಲಿಂದ ಅಲ್ಲಿಗೆ ಒಬ್ಬಳು ಹೋಗುವುದರಲ್ಲಿ ಹೊಸತೇನಿದೆ ಎಂದೆ. ಯಜಮಾನರು ನಕ್ಕರು.

ಮಧ್ಯಾಹ್ನ ಹೂಗ್ಲಿ ದಾಟಿ ಶಿಬಪುರದ ಸಸ್ಯೋದ್ಯಾನಕ್ಕೆ ಹೋದೆವು. 1787ರಲ್ಲಿ ಆರಂಭವಾದದ್ದು. ಅಲ್ಲಿನ ಮಹಾ ಆಲದಮರ ನಾಲ್ಕು ಎಕರೆಗೂ ಮಿಕ್ಕಿ ಹರಡಿದೆ. ಹತ್ತೊಂಬತ್ತನೆಯ ಶತಮಾನದ ಚಂಡಮಾರುತಗಳಿಗೆ ಸಿಕ್ಕಿ, ಆಮೇಲೆ ಬೂಷ್ಟು ಹಿಡಿದು ಕೊಳೆತ ಅದರ ತಾಯಿಕಾಂಡವನ್ನು 1925ರಲ್ಲಿ ತೆಗೆದುಹಾಕಿದರು. ಮರ ಸಾಯಲಿಲ್ಲ, ಬಿಳಲುಗಳ ಮೇಲೆ ನಿಂತಿತು. ನಮ್ಮ ಕೇತೋಹಳ್ಳಿಯ ದೊಡ್ಡ ಆಲದಮರದ್ದೂ ಇದೇ ಕತೆ, ಅದರ ಮೂಲಕಾಂಡವೂ ರೋಗಕ್ಕೆ ತುತ್ತಾಯಿತು. ಯಜಮಾನರು ಬಹಳ ಹೊತ್ತು ನೋಡಿ, "ತೆಂಗಿಗೆ ಈ ಭಾಗ್ಯ ಇಲ್ಲ ಮೇಷ್ಟ್ರೇ. ಸುಳಿ ಹೋದ್ರೆ ಮರ ಹೋಯ್ತು" ಎಂದರು. ಸಸ್ಯಶಾಸ್ತ್ರದ ಪ್ರಕಾರ ಮಾತು ಸರಿ. ತೆಂಗಿಗೆ ಇರುವುದು ಒಂದೇ ಬೆಳೆಯುವ ತುದಿ. ಅವರು ಮರದ ಬಗ್ಗೆ ಮಾತ್ರ ಹೇಳುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು. ಅವಳು ಅವರಿಗೆ ಒಬ್ಬಳೇ ಮಗಳು.

ಗುಂಪಿಗೆ ಎದುರಾಗಿ ನಡೆಯುವವರಿಗೆ ಅಗ್ಗ

ಹಬ್ಬದ ದಿನಗಳಲ್ಲಿ ದರ ಗಗನಕ್ಕೇರುತ್ತದೆಂಬುದು ನಿಜ. ಆದರೆ ಎರಡೂ ದಿಕ್ಕಿಗೂ ಏರುವುದಿಲ್ಲ. ದುರ್ಗಾಪೂಜೆಗೆ ಮುಂಚೆ ಬೆಂಗಳೂರಿನಲ್ಲಿ ದುಡಿಯುವ ಬಂಗಾಳಿಗಳು ಕೋಲ್ಕತ್ತಕ್ಕೆ ಧಾವಿಸುತ್ತಾರೆ. ಅವರನ್ನು ಇಳಿಸಿದ ವಿಮಾನ ಮತ್ತೆ ಬೆಂಗಳೂರಿಗೆ ಬರಲೇಬೇಕಲ್ಲ! ಆ ಸೀಟುಗಳಿಗೆ ಅಷ್ಟು ಗಿರಾಕಿಗಳಿರುವುದಿಲ್ಲ. ಪೂಜೆ ಮುಗಿದ ಮೇಲೆ ಇದರ ತಿರುವುಮುರುವು. ನಮ್ಮ ಹುಡುಗಿಗೆ ಪೂಜೆಯ ರಜೆ ಬಂದಾಗ ಇಲ್ಲಿ ದಸರಾ. ಅವಳು ಹೋಗುವ ಬರುವ ಎರಡೂ ದಾರಿ ಗುಂಪಿಗೆ ಎದುರು. ಮೊದಲ ದಸರೆಗೆ ಅವಳು ಹಾಗೆಯೇ ಬಂದಳು, ಎರಡು ತಿಂಗಳು ಮೊದಲೇ ಕೊಂಡ ಟಿಕೆಟ್‌ನಲ್ಲಿ. ಬೇರೆ ರಾಜ್ಯದಲ್ಲಿ ಓದುವ ಮಕ್ಕಳೆಲ್ಲ ಆ ಊರಿನ ಹಬ್ಬದ ಪಟ್ಟಿಯನ್ನು ಊರಿನ ಪಂಚಾಂಗದ ಪಕ್ಕ ಇಟ್ಟುಕೊಂಡು ನೋಡಿದರೆ ಇಂಥ ದಿನಗಳು ಸಿಗುತ್ತವೆ.

ಮಾರಾಟಕ್ಕೆ ಒಂದೇ ಒಂದು ಶಕ್ತಿಯಿಲ್ಲ. ತುರ್ತಿಗೆ ಅದು ಒದಗುವುದಿಲ್ಲ. ಕೊನೆಯ ಗಳಿಗೆಯಲ್ಲಿ ಕೊಳ್ಳುವವನಿಗೆ ಬೇರೆ ದಾರಿಯಿಲ್ಲವೆಂದು ಕಂಪ್ಯೂಟರಿಗೆ ಗೊತ್ತು, ಮೇಲಿನ ನಲ್ಲಿ ಮಾತ್ರ ತೆರೆದಿರುತ್ತದೆ. 2025ರ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾಗಿ ದರಗಳು ಹುಚ್ಚೆದ್ದಾಗ ಕೇಂದ್ರ ಸರ್ಕಾರವೇ ತಾತ್ಕಾಲಿಕ ಮಿತಿ ಹಾಕಬೇಕಾಯಿತು. ಆ ಮಿತಿಯೇ 1,000ದಿಂದ 1,500 ಕಿ.ಮೀ. ದೂರಕ್ಕೆ 15,000 ರೂ., ಅದಕ್ಕೂ ದೂರಕ್ಕೆ 18,000 ರೂ. ಇತ್ತು.

ಆ ಮನೆಗೆ ಅಂಥ ದಿನ ಬಂದದ್ದು 2025ರ ಫೆಬ್ರುವರಿಯಲ್ಲಿ. ಅಜ್ಜಿ ತೀರಿಕೊಂಡರು. ರಾತ್ರಿ ಎಂಟಕ್ಕೆ ಸುದ್ದಿ ಹೋಯಿತು. ಮರುದಿನ ಬೆಳಗಿನ ವಿಮಾನದ ಟಿಕೆಟ್ 11,400 ರೂ. ಯಾರೂ ಯಾರನ್ನೂ ಸಾಲ ಕೇಳಲಿಲ್ಲ. ತಾಯಿ ಮರುಯೋಚನೆ ಮಾಡದೆ, "ತಗಳಕ್ಕೆ ಹೇಳಿ" ಎಂದರಂತೆ. ಮರುದಿನ ಮಧ್ಯಾಹ್ನ ಮೂರಕ್ಕೆ ಹುಡುಗಿ ತಿಪಟೂರು ತಲುಪಿದಳು. ಮಣ್ಣಿಗಿಡುವುದನ್ನು ಅವಳಿಗಾಗಿ ತಡೆದಿದ್ದರು. ಅಜ್ಜಿಯ ಮುಖ ನೋಡಿದಳು. ಉಳಿದ 3,600 ರೂ.ಗಳಲ್ಲಿ ಅವಳು ರೈಲಿನಲ್ಲಿ ಹಿಂತಿರುಗಿದಳು.

ಅಗ್ಗದ ಟಿಕೆಟ್ಟಿನ ನಿಜವಾದ ಪ್ರಯೋಜನ ಇದೆಂದು ನನಗೆ ಅನ್ನಿಸಿದೆ. ಗೊತ್ತಿದ್ದ ಪ್ರಯಾಣಗಳಲ್ಲಿ ಉಳಿಸಿದ್ದು ಗೊತ್ತಿಲ್ಲದ ಪ್ರಯಾಣಕ್ಕೆ ಒದಗಬೇಕು. ಉಳಿದ ಹಣದಲ್ಲಿ ಇನ್ನೊಂದು ಮಾರಾಟಕ್ಕೆ ಹೋದರೆ ಉಳಿತಾಯ ಎಲ್ಲಿ ಉಳಿಯಿತು? ದೂರದ ಕಾಲೇಜಿಗೆ ಸೀಟು ಸಿಕ್ಕಿ ಹೊಸ್ತಿಲಲ್ಲಿ ಯೋಚಿಸುತ್ತಾ ನಿಂತಿರುವ ಮನೆಗಳು ಈ ವರ್ಷವೂ ಹಲವು ಇರುತ್ತವೆ. ಅವರು ಮಾಡಬಹುದಾದ್ದು ಬಹಳವೇನಿಲ್ಲ. ವರ್ಷದ ಮೂರು ನಾಲ್ಕು ಪ್ರಯಾಣಗಳ ದಿನಗಳನ್ನು ಕಾಲೇಜಿನ ವೇಳಾಪಟ್ಟಿ ನೋಡಿ ಮೊದಲೇ ಗುರುತು ಹಾಕಿಕೊಳ್ಳುವುದು, ಮಳೆಗಾಲದಲ್ಲೂ ಸಂಕ್ರಾಂತಿಯ ಆಚೀಚೆಯೂ ಜಾಹೀರಾತಿನ ಮೇಲೆ ಕಣ್ಣಿಡುವುದು, ಉಳಿದದ್ದನ್ನು ಮುಟ್ಟದಂತೆ ಎತ್ತಿಡುವುದು.

ಆ ಹುಡುಗಿ ಈಗ ತನ್ನ ಟಿಕೆಟ್ಟನ್ನು ತಾನೇ ಹುಡುಕಿಕೊಳ್ಳುತ್ತಾಳೆ. ಪೋಸ್ಟಾಫೀಸಿನ ಪುಸ್ತಕದಲ್ಲಿ ಮಾತ್ರ ತಾಯಿ ಮತ್ತೆ ಹದಿನೈದು ಸಾವಿರ ತುಂಬಿಸಿಟ್ಟಿದ್ದಾರೆ.